ಶಾಂಭವಿಯ ತೂಕದ ಬೆಲ್ಲ

ಭಾನುವಾರ ಬಂತೆಂದರೆ ಶಾಂಭವಿಗೆ ಕುತ್ತಿಗೆಯದೇ ಚಿಂತೆ. ತಾಯಿ ಕಾಂಚನಾ ಅವಳನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಕಡಲೆಹಿಟ್ಟಿಗೆ ಮೊಸರು ಕಲಸಿ ಕತ್ತಿನ ಹಿಂದೆ ಹಚ್ಚುವಳು. ಒಣಗಿದ ಮೇಲೆ ತೆಂಗಿನ ನಾರಿನಿಂದ ತಿಕ್ಕುವಳು. ಲಿಂಬೆಹೋಳು ಆಯಿತು, ಅರಿಷಿಣ ಆಯಿತು, ಪಕ್ಕದ ಮನೆಯವರು ಹೇಳಿದರೆಂದು ಅಡುಗೆ ಸೋಡಾ ಕೂಡ ಆಯಿತು. ಹನ್ನೊಂದು ದಾಟಿದ ಆ ಹುಡುಗಿಯ ಕುತ್ತಿಗೆಯ ಮೇಲಿನ ಕಪ್ಪು ಪಟ್ಟಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಅವ್ವಾ, ಉರಿಯಾಕತ್ತೇತಿ. ಸಾಕ ಬಿಡ."

"ಮಣ್ಣ ಕುಂತೇತಿ, ಸುಮ್ನ ಕುಂಡ್ರು. ಶ್ರಾವಣದಾಗ ಗುಡಿಗೆ ಹೋಗೂದೈತಿ. ಮಂದಿ ನೋಡಿದ್ರ ಏನಂತಾರ? ತಾಯಿ ಮಗಳ ಮೈ ತಿಕ್ಕಂಗಿಲ್ಲ ಅಂತಾರ."

"ನಾ ಗುಡಿಗೆ ಬರಂಗಿಲ್ಲ. ನಾ ತಕ್ಕಡ್ಯಾಗ ಕುಂಡ್ರಂಗಿಲ್ಲ."

ಕಾಂಚನಾಳ ಕೈಯಲ್ಲಿದ್ದ ನಾರು ಇನ್ನೂ ಜೋರಾಯಿತು. ಹೊರಗೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಅತ್ತೆ ಶಾರದವ್ವ, "ಲೇ ಕಾಂಚನಾ, ಹುಡುಗಿ ತೊಗಲ ಸುಲೀತಿಯೇನು?" ಎಂದು ಕೂಗಿದಾಗಲೇ ಕಾಂಚನಾ ಕೈ ನಿಲ್ಲಿಸಿ ನೋಡಿದ್ದು. ನಾರಿಗೆ ರಕ್ತ ಹತ್ತಿತ್ತು. ಕಪ್ಪು ಹಾಗೆಯೇ ಇತ್ತು. ಅವಳು ನಾರನ್ನು ಎಸೆದು, ಒದ್ದೆ ಮಗಳನ್ನು ಹಾಗೇ ತಬ್ಬಿಕೊಂಡು, ತಾನೂ ಅತ್ತಳು. ಮರುದಿನ ಗದಗಿಗೆ ಹೋಗಿ ಡಾಕ್ಟರಿಗೆ ತೋರಿಸುವುದೆಂದು ಅಂದೇ ನಿಶ್ಚಯವಾಯಿತು.

ಈ ಕಾಂಚನಾ ಯಾರೆಂದು ಮೊದಲು ಹೇಳಬೇಕು. ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ, ಬಾಗಿಲಿಗೇ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರು ಹೊಲಿಯುವ ಹೆಂಗಸು. ಗಂಡ ನಂದೀಶ ಕಾಳಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತ, ಒಣಕಲು ಮೈಯ, ಜೋರಾಗಿ ಮಾತಾಡದ ಮನುಷ್ಯ. ಓಣಿಯ ಎಲ್ಲ ಹೆಣ್ಣುಮಕ್ಕಳ ಎದೆ, ಸೊಂಟ, ತೋಳಿನ ಅಳತೆ ಕಾಂಚನಾಳಿಗೆ ಬಾಯಿಪಾಠ. ಯಾರು ಬಸುರಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಇವಳ ಟೇಪಿಗೆ ಗೊತ್ತು. ತನ್ನ ಮೈಯನ್ನು ಮಾತ್ರ ಅವಳು ಎಂದೂ ಟೇಪಿಗೆ ಕೊಟ್ಟವಳಲ್ಲ. ಹಳೆಯ ಜಂಪರನ್ನು ಬಿಚ್ಚಿ ಬಟ್ಟೆಯ ಮೇಲೆ ಹಾಸಿ, ಸುತ್ತಲೂ ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿ ಆಡಿಸುವಳು. ಆ ಒಂದೊಂದು ಬೆರಳು ಸೇರಿ ಸೇರಿ ಈಗ ಅವಳಿಗೆ ಬಸ್ಸಿನಲ್ಲಿ ಎರಡು ಸೀಟು ಬೇಕು.

ಹುಟ್ಟಾ ದಪ್ಪಗಿದ್ದವಳೇನಲ್ಲ. ಮುಂಡರಗಿ ತಾಲೂಕಿನ ಡೋಣಿ ಅವಳ ತವರು. ಕಪ್ಪತಗುಡ್ಡದ ಬುಡದ ಹೊಲದಲ್ಲಿ ಅಪ್ಪನ ಹಿಂದೆ ಓಡಾಡಿ ಬೆಳೆದ, ಕಡ್ಡಿಯಂಥ ಹುಡುಗಿ. ಲಕ್ಷ್ಮೇಶ್ವರದವರು ಬಂದು ನೋಡಿ ಹೋದ ಮೇಲೆ ಹೇಳಿ ಕಳಿಸಿದ್ದು ಒಂದೇ ಮಾತು. "ಹುಡುಗಿ ಚಲೋ ಅದಾಳ, ಆದ್ರ ಭಾಳ ಬಡಕಲ. ಮದುವಿ ತನಾ ಒಂದೀಟ ಮೈ ತುಂಬ್ಕೊಳ್ಲಿ." ಅಷ್ಟು ಸಾಕಾಯಿತು. ಬಾಣಂತಿಯರಿಗೆಂದು ಮಾಡುವ ಅಂಟಿನ ಉಂಡಿಯನ್ನು ಅವಳ ಅವ್ವ ಮದುವೆಯೇ ಆಗದ ಮಗಳಿಗಾಗಿ ಡಬ್ಬಿಗಟ್ಟಲೆ ಕಟ್ಟಿದಳು. ಬೆಳಿಗ್ಗೆ ಎರಡು, ರಾತ್ರಿ ಎರಡು, ಮೇಲೆ ತುಪ್ಪ ಹಾಕಿದ ಹಾಲು. ಹೊಲಕ್ಕೆ ಹೋಗುವುದು ಬಂದ್. ಬಿಸಿಲಿಗೆ ಹೋಗುವುದು ಬಂದ್. ಅಕ್ಷತೆಯ ಹೊತ್ತಿಗೆ ಹುಡುಗಿ ಮೈಕೈ ತುಂಬಿಕೊಂಡು ನಿಂತಾಗ ಎರಡೂ ಕಡೆಯವರಿಗೆ ಸಮಾಧಾನ. ಉಣ್ಣುವುದನ್ನು ಕಲಿತ ಹೊಟ್ಟೆ ಮದುವೆಯಾಯಿತೆಂದು ಮರೆಯುತ್ತದೆಯೇ? ಅದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಗರ್ಭ ನಿಲ್ಲಲು ಮೈಯಲ್ಲಿ ಶಕ್ತಿ ಬೇಕೆಂದು ಶಾರದವ್ವ ಇನ್ನಷ್ಟು ತಿನ್ನಿಸಿದಳು. ಪ್ರೀತಿಯಿಂದಲೇ ತಿನ್ನಿಸಿದಳು, ಅದರಲ್ಲಿ ಕಪಟವಿರಲಿಲ್ಲ. ಮೈ ಬೆಳೆಯಿತು, ಮುಟ್ಟು ಏರುಪೇರಾಯಿತು. ಆಗ ಗದಗಿನ ಒಬ್ಬ ಲೇಡಿ ಡಾಕ್ಟರು ಅವಳನ್ನು ತೂಕದ ಮಷಿನಿನ ಮೇಲೆ ನಿಲ್ಲಿಸಿ ಖಂಡತುಂಡಾಗಿ ಹೇಳಿದ್ದರು. "ಮೊದಲ ತೂಕ ಇಳಸ್ರಿ. ಆಮ್ಯಾಲ ಮಗುವಿನ ವಿಚಾರ ಮಾಡೂಣು. ಅದು ನಿಮಗೂ ಚಲೋ, ಹುಟ್ಟೂ ಕೂಸಿಗೂ ಚಲೋ."

ಕಾಂಚನಾ ಕೇಳಿದಳು ಕೂಡ. ಬೆಳಗಿನ ಹೊತ್ತು ಶಿರಹಟ್ಟಿ ರಸ್ತೆಯಲ್ಲಿ ನಡೆದಳು, ಉಂಡಿ ಬಿಟ್ಟಳು, ಒಂದು ರೊಟ್ಟಿ ಕಡಿಮೆ ಮಾಡಿದಳು. ಕೆಲವು ತಿಂಗಳಲ್ಲಿ ಜಂಪರು ಸಡಿಲಾಯಿತು, ಏದುಸಿರು ನಿಂತಿತು. ಅಷ್ಟರಲ್ಲಿ ಬೆಟಗೇರಿಯ ಒಂದು ಮದುವೆಯಲ್ಲಿ ನಂಟರ ಹೆಂಗಸರು ಶಾರದವ್ವನನ್ನು ಸುತ್ತುಗಟ್ಟಿದರು. "ಏನ ಯಕ್ಕಾ, ಸೊಸಿ ಹಿಂಗ ಇಳದಾಳ? ಮನ್ಯಾಗ ಉಣ್ಣಾಕ ಹಾಕ್ತೀರೋ ಇಲ್ಲೋ?" ಶಾರದವ್ವ ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮ್ಮ ಕಡೆ ಸೊಸೆ ಸೊರಗಿದರೆ ಅತ್ತೆಯ ಹೆಸರು ಕೆಡುತ್ತದೆ. ಒಬ್ಬರ ಹೆಸರು ಉಳಿಸಲು ಇನ್ನೊಬ್ಬರು ಉಣ್ಣಬೇಕಾದ ಇಂಥ ಚಂದದ ಪದ್ಧತಿಯನ್ನು ಯಾರು ತಂದರೋ ಅವರ ಬಾಯಿಗೆ ಮಣ್ಣು ಬೀಳಲಿ! ಮರುದಿನದಿಂದ ಕಾಂಚನಾ ನಡೆಯಲು ಹೋಗಲಿಲ್ಲ. ಬಿಟ್ಟ ಉಂಡಿ ಮತ್ತೆ ತಟ್ಟೆಗೆ ಬಂತು, ಇಳಿದ ತೂಕ ಬಡ್ಡಿ ಸಮೇತ ಮೈಗೆ ಬಂತು.

ಡಾಕ್ಟರನ್ನು ಬಿಟ್ಟವಳು ದೇವರನ್ನು ಹಿಡಿದಳು. ಶಿರಹಟ್ಟಿ ದಾರಿಯಲ್ಲಿ ಒಂದು ವೀರಭದ್ರ ದೇವರ ಗುಡಿಯಿದೆ. ಅದರ ಅಂಗಳದಲ್ಲಿ ಕಬ್ಬಿಣದ ತೊಲೆಗೆ ಸರಪಳಿಯಿಂದ ಎರಡು ಹಲಗೆ ತೂಗುಬಿಟ್ಟ ದೊಡ್ಡ ತಕ್ಕಡಿ. ಹರಕೆ ಹೊತ್ತವರು ಮಕ್ಕಳನ್ನು ಒಂದು ಹಲಗೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಬೆಲ್ಲವನ್ನೋ ಕೊಬ್ಬರಿಯನ್ನೋ ಇಟ್ಟು ತೂಗಿಸಿ ದೇವರಿಗೆ ಒಪ್ಪಿಸುತ್ತಾರೆ. ಎರಡೂ ಹಲಗೆ ಸಮ ಆಗುವ ತನಕ ಕುಳಿತವರು ಇಳಿಯಬಾರದು. ನಡುವೆ ಇಳಿದರೆ ಹರಕೆ ಮುರಿದಂತೆ. ಆ ತಕ್ಕಡಿಯ ಮುಂದೆ ನಿಂತು ಕಾಂಚನಾ ಬೇಡಿಕೊಂಡಿದ್ದಳು. "ಅಪ್ಪಾ, ಒಂದ ಕೂಸ ಕೊಡು. ತೂಕದ ಕೂಸ ಕೊಡು. ಅದಕ್ಕ ಹನ್ನೆರಡ ತುಂಬೂ ತನಾ ವರ್ಷಾ ಶ್ರಾವಣಕ್ಕ ಅದರ ತೂಕದ ಬೆಲ್ಲಾ ತೂಗಸ್ತೇನಿ. ಬೆಲ್ಲಕ್ಕ ನಾ ಹಿಂದ ಸರಿಯಂಗಿಲ್ಲ."

ದೇವರು ಮಾತನ್ನು ಅಕ್ಷರಶಃ ತೆಗೆದುಕೊಂಡ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಕೊನೆಗೆ ಹೊಟ್ಟೆ ಕೊಯ್ದು ತೆಗೆದ ಕೂಸು ನಾಲ್ಕು ಕಿಲೋ ದಾಟಿತ್ತು. ಆಸ್ಪತ್ರೆಯ ಆಯಾಗಳೆಲ್ಲ ಎತ್ತಿ ಎತ್ತಿ ನೋಡಿದರು. ಶಾರದವ್ವ ದೃಷ್ಟಿ ತೆಗೆದೂ ತೆಗೆದೂ ಸುಸ್ತಾದಳು. ಮೊದಲ ವರ್ಷದ ತುಲಾಭಾರಕ್ಕೆ ಬಂದ ಬೆಲ್ಲ ಒಂದು ಬುಟ್ಟಿ. ಮುಂದೆ ಪ್ರತಿ ಶ್ರಾವಣಕ್ಕೂ ಬೆಲ್ಲದ ಪೆಂಟಿಗಳು, ಆ ದಪ್ಪ ಗಟ್ಟಿಗಳು, ಹೆಚ್ಚಿದವು, ಶಾರದವ್ವನ ಹಿಗ್ಗೂ ಹೆಚ್ಚಿತು. ಪ್ರಸಾದದ ಬೆಲ್ಲ ಹಂಚುತ್ತ, "ನಮ್ಮ ಶಾಂಭವಿಗೆ ಈ ವರ್ಷ ಹೋದ ವರ್ಷದಕಿಂತ ಎಷ್ಟ ಹೆಚ್ಚ ಬೆಲ್ಲಾ ಹಿಡೀತು ನೋಡ್ರಿ" ಎಂದು ಓಣಿಗೆಲ್ಲ ಹೇಳಿ ಬರುವಳು. ಓಣಿಯೂ ಬೆಲ್ಲ ಚಪ್ಪರಿಸಿ ಹೌದೌದು ಎನ್ನುವುದು.

ಶಾಂಭವಿಯೂ ಮೊದಮೊದಲು ಖುಷಿಯಿಂದಲೇ ಕೂರುತ್ತಿದ್ದಳು. ಹೊಸ ಲಂಗ, ತಲೆತುಂಬ ಹೂವು, ಸರಪಳಿ ಹಿಡಿದು ಮೇಲೇರುವುದೆಂದರೆ ಜೋಕಾಲಿಯ ಆಟ. ಶಾಲೆಯಲ್ಲಿ 'ಬೆಲ್ಲದ ಪೆಂಟಿ' ಎಂಬ ಹೆಸರು ಬಿದ್ದ ಮೇಲೆ ಆ ಖುಷಿ ಹೋಯಿತು. ಕಳೆದ ಶ್ರಾವಣದಲ್ಲಿ ತಂದ ಬೆಲ್ಲ ಸಾಲಲಿಲ್ಲ. ನಂದೀಶ ಇನ್ನಷ್ಟು ತರಲು ಊರಿಗೆ ಓಡಿದ. ಅವನು ಬರುವ ತನಕ ಹುಡುಗಿ ನೆಲಕ್ಕೆ ಹತ್ತಿದ ಹಲಗೆಯ ಮೇಲೆ, ಕೆಳಗಿಳಿಯಲಾಗದೆ, ಅಷ್ಟೂ ಜನರ ಮುಂದೆ ಕುಳಿತಿರಬೇಕಾಯಿತು. "ಲಕ್ಷ್ಮೇಶ್ವರದ ಬಜಾರದಾಗಿನ ಬೆಲ್ಲಾ ಎಲ್ಲಾ ತರಸ್ರಿ, ಅಂದ್ರ ಏಳತಾಳ" ಎಂದು ಯಾರೋ ಅಂದರು. ಗುಡಿಯ ಅಂಗಳವೆಲ್ಲ ನಕ್ಕಿತು. ಕಾಂಚನಾ ಕೂಡ, ಏನು ಮಾಡಬೇಕೋ ತಿಳಿಯದೆ, ಹಲ್ಲು ಕಿರಿದಿದ್ದಳು. ಮಗಳು ಅದನ್ನು ನೋಡಿದ್ದಳು.

ಇನ್ನು ಉಳಿದದ್ದು ಒಂದೇ ತುಲಾಭಾರ, ಹನ್ನೆರಡು ತುಂಬುವ ಈ ವರ್ಷದ್ದು. ಅದನ್ನೇ ಶಾಂಭವಿ ಒಲ್ಲೆ ಎನ್ನುತ್ತಿದ್ದಳು.

ಗದಗಿನ ಮಕ್ಕಳ ಡಾಕ್ಟರಮ್ಮ ಕುತ್ತಿಗೆಯ ಗಾಯ ನೋಡಿ ಹುಬ್ಬು ಗಂಟಿಕ್ಕಿದರು. "ಇದ ಮಣ್ಣಲ್ಲಮ್ಮ, ತಿಕ್ಕಿದ್ರ ಹೋಗೂದಲ್ಲ. ಮೈಯಾಗ ಕೊಬ್ಬ ಜಾಸ್ತಿ ಆಗಿ, ಮೈ ಸಕ್ರಿನ ಸರಿಯಾಗಿ ಬಳಸಲಾರದಾಗ ಕುತ್ತಿಗಿ ಹಿಂಗ ಕಪ್ಪಾಗತೈತಿ." ರಕ್ತ ತೆಗೆಸಿದರು, ಹೊಟ್ಟೆಯ ಸುತ್ತಳತೆ ನೋಡಿದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿದೆ ಎಂದರು. ಆಮೇಲೆ ಕಾಂಚನಾಳ ಕಡೆ ತಿರುಗಿ ಕೇಳಿದರು. "ನೀವ ಬಸರಾಗೂ ಮೊದಲ ಎಷ್ಟ ತೂಕ ಇದ್ರಿ?"

"ನಾನ್ರಿ? ನಂದ್ಯಾಕ್ರಿ?"

"ಹೇಳ್ರಿ, ಬೇಕಾಗೈತಿ."

ಅವಳಿಗೆ ಚೆನ್ನಾಗಿ ನೆನಪಿತ್ತು. ಇದೇ ಊರಿನಲ್ಲಿ ಇನ್ನೊಬ್ಬ ಡಾಕ್ಟರು ಮಷಿನಿನ ಮೇಲೆ ನಿಲ್ಲಿಸಿದ್ದು, ಬೈದು ಬುದ್ಧಿ ಹೇಳಿದ್ದು, ತಾನು ಕೆಲವು ತಿಂಗಳು ಕೇಳಿ ಬಿಟ್ಟಿದ್ದು. ಮೊದಲು ಗೊತ್ತಿಲ್ಲ ಎಂದಳು. ಡಾಕ್ಟರಮ್ಮ ಚೀಟಿಯ ಮೇಲೆ ಪೆನ್ನು ಊರಿ ಅವಳನ್ನೇ ನೋಡಿದರು. ಆಗ ನಿಜ ಹೇಳಿದಳು.

"ನೋಡ್ರಿ, ಬಸರಾದ ಮ್ಯಾಲ ತಿಂದದ್ದಷ್ಟ ಅಲ್ಲ. ಬಸರಾಗೂ ಮೊದಲ ತಾಯಿ ಮೈ ಹೆಂಗಿತ್ತು ಅನ್ನೂದೂ ಕೂಸಿನ ಮೈ ಮ್ಯಾಲ ಬೀಳತೈತಿ. ತಾಯಿ ತೂಕ ಭಾಳ ಇದ್ರ ಮಕ್ಕಳ ಮೈಯಾಗ ಕೊಬ್ಬಿನ ಪಾಲು ಹೆಚ್ಚ ಇರೂದು ಕಂಡ ಬಂದೈತಿ. ಎಲ್ಲಾರಿಗೂ ಹಂಗ ಆಗಬೇಕಂತಿಲ್ಲ. ಅದೊಂದ ಕಾರಣಾನೂ ಅಲ್ಲ. ಊಟ, ಓಡಾಟ, ನಿದ್ದಿ, ಎಲ್ಲಾ ಕೂಡೇ ಮೈ ಆಗೂದು. ಇದು ಹಣೆಬರಹ ಅಲ್ಲಮ್ಮ, ಸುಧಾರಸಬಹುದು. ಮನಿ ಮಂದಿ ಎಲ್ಲಾರೂ ಊಟಾ ಬದಲ ಮಾಡ್ರಿ, ಹುಡುಗಿನ ಆಡಾಕ ಬಿಡ್ರಿ. ಉಪವಾಸ ಮಾತ್ರ ಕೆಡವಬ್ಯಾಡ್ರಿ. ಬೈಬ್ಯಾಡ್ರಿ."

ಡಾಕ್ಟರಮ್ಮ ಹತ್ತು ಮಾತು ಹೇಳಿದರೆ ಕಾಂಚನಾಳ ಕಿವಿಗೆ ಬಿದ್ದದ್ದು 'ತಾಯಿ ಮೈ' ಎಂಬ ಎರಡೇ. ಗೋಡೆಯ ಮೇಲಿನ ಚಿತ್ರ ನೋಡುವಂತೆ ನಟಿಸುತ್ತಿದ್ದ ಶಾಂಭವಿ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಳು. ತಿರುಗಿ ಬರುವ ಬಸ್ಸು ಮುಳಗುಂದ ದಾಟಿದ ಮೇಲೆ ಕೇಳಿದಳು.

"ಅವ್ವಾ, ಅಂದ್ರ ನಾ ಹುಟ್ಟೂ ಮೊದಲ ದಪ್ಪ ಇದ್ನೇನು?"

ಕಾಂಚನಾ ಮಗಳನ್ನು ಹತ್ತಿರ ಎಳೆದುಕೊಂಡಳು. ಈ ಹುಡುಗಿ ಉಂಡದ್ದಕ್ಕೆ ಎಷ್ಟು ಬೈದಿದ್ದೆ, ತಿಂಡಿಪೋತಿ ಎಂದು ಎಷ್ಟು ಸಲ ತಲೆಗೆ ಮೊಟಕಿದ್ದೆ, ಕಡೆಗೆ ಇದು ನನ್ನದೇ ಮೈಯಿಂದ ಇಳಿದು ಬಂದದ್ದೇ? ಅವತ್ತು ಬೆಟಗೇರಿಯ ಹೆಂಗಸರ ಮಾತಿಗೆ ಸೊಪ್ಪು ಹಾಕದೆ ನಡೆದಿದ್ದರೆ? ಇನ್ನೊಂದು ವರ್ಷ ತಡೆದಿದ್ದರೆ? ಇದಕ್ಕೆ ಡಾಕ್ಟರಮ್ಮನ ಹತ್ತಿರವೂ ಉತ್ತರವಿರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಲಕ್ಷ್ಮೇಶ್ವರ ಬಂದು, ಕಂಡಕ್ಟರ್ ಎರಡು ಸಲ ಕೂಗುವ ತನಕ ಅವಳು ಏಳಲಿಲ್ಲ.

ಮನೆಗೆ ಬಂದವಳು ಹುಚ್ಚಿಯ ಹಾಗೆ ಮಾಡಿದಳು. ಬೆಲ್ಲದ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಸುರಿದಳು. ಶೇಂಗಾದ ಉಂಡಿಗಳನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದಳು. ಬೆಳಿಗ್ಗೆ ಮಗಳನ್ನು ಎಬ್ಬಿಸಿ, ತಾನು ಏದುಸಿರು ಬಿಡುತ್ತ, ಅವಳು ಅಳುತ್ತ, ಇಬ್ಬರೂ ಶಿರಹಟ್ಟಿ ರಸ್ತೆಯಲ್ಲಿ ನಡೆದರು. ಶಾರದವ್ವ ಬಾಯಿ ಬಡಿದುಕೊಂಡಳು. "ನನ್ನ ಮೊಮ್ಮಗಳ ಬಾಯಾಗಿಂದು ಕಸಗೊಂಡ ಯಾವ ಪುಣ್ಯಾ ಗಳಸ್ತಿ? ದಪ್ಪ ಇದ್ರೇನಾತು, ಆರಾಮ ಅದಾಳಲ್ಲ!"

"ಆರಾಮ ಇಲ್ಲರಿ ಅತ್ತಿ, ಆರಾಮ ಇಲ್ಲ. ನನ್ನಿಂದ ಆಗೈತಿ ಇದು."

"ನಿನ್ನಿಂದ ಹೆಂಗ? ಹಡದಿ, ಜ್ವಾಪಾನ ಮಾಡಿದಿ. ಏನರ ಹಚ್ಚಗೊಂಡ ಕುಂಡ್ರಬ್ಯಾಡ."

ಶಾರದವ್ವನಿಗೆ ಈ ಲೆಕ್ಕ ತಿಳಿಯುವಂಥದ್ದಲ್ಲ. ತಿಳಿದರೆ ಅದರ ಒಂದು ತುದಿ ತನ್ನ ಕೈಗೂ ಬರುತ್ತದೆಂದು ಮುದುಕಿಗೆ ಒಳಗೊಳಗೇ ಅನಿಸಿದ್ದರೂ ಅನಿಸಿರಬಹುದು. ಆದರೆ ಹರಕೆಯ ವಿಷಯಕ್ಕೆ ಅವಳು ಜಗ್ಗುವವಳಲ್ಲ. ತೀರಿಸದ ಹರಕೆಗೆ ದೇವರು ಕೊಟ್ಟದ್ದನ್ನು ತಿರುಗಿ ತಗೊಂಡ ಕತೆಗಳು ಅವಳ ಹತ್ತಿರ ಬೇಕಾದಷ್ಟಿದ್ದವು. ಕಾಂಚನಾ ಹೊಲಿಯುತ್ತ ಕುಳಿತಾಗ ಒಂದೊಂದನ್ನೇ ಹೇಳುವಳು. ಅವುಗಳನ್ನು ನಂಬದಿರಲು ಕಾಂಚನಾಳಿಗೂ ಧೈರ್ಯವಿರಲಿಲ್ಲ. ಆರು ವರ್ಷ ಬರಿದಾಗಿದ್ದ ಮಡಿಲು ಅವಳದು. ಇದ್ದ ಒಬ್ಬ ಮಗಳನ್ನು ಪಣಕ್ಕಿಟ್ಟು ದೇವರ ಹತ್ತಿರ ಹಟ ಮಾಡಲು ಯಾವ ತಾಯಿಗೆ ಆದೀತು?

ಆಷಾಢ ಮುಗಿಯುತ್ತ ಬಂದಾಗ ಶಾಂಭವಿಯ ಗಲ್ಲ ಸ್ವಲ್ಪ ಇಳಿದದ್ದು ಕಂಡಿತು. ಲಂಗದ ನಡು ಸಡಿಲಾಗಿ, ಕಾಂಚನಾ ಒಂದು ಹೊಲಿಗೆ ಒಳಗೆ ಹಿಡಿದಳು. ಮಗಳ ಬಟ್ಟೆಗೆ ಅವಳು ಇಷ್ಟು ವರ್ಷ ಮಾಡಿದ್ದೆಲ್ಲ ಹೊಲಿಗೆ ಬಿಚ್ಚುವ ಕೆಲಸವೇ, ಒಳಗೆ ಹಿಡಿಯುವ ಕೆಲಸ ಇದೇ ಮೊದಲು. ನಡೆದದ್ದರ ಫಲ ಎಂದುಕೊಂಡು ಹಿಗ್ಗಿದಳು. ಒಂದು ದಿನ ಶಾಲೆಯ ಹಾದಿಯಲ್ಲಿ ಮಗಳು ಬುತ್ತಿಯ ರೊಟ್ಟಿ ಪಲ್ಯವನ್ನು ನಾಯಿಗೆ ಹಾಕುತ್ತಿರುವುದನ್ನು ಅವಳು ಕಣ್ಣಾರೆ ಕಂಡಳು. ಓಡಿ ಹೋಗಿ ತಡೆಯಬೇಕಿತ್ತು. ತಡೆಯಲಿಲ್ಲ. ತೂಕ ಇಳಿದರೆ ಈ ವರ್ಷ ಬೆಲ್ಲ ಸಾಲುತ್ತದೆ, ಮಂದಿ ನಗುವುದಿಲ್ಲ, ಹರಕೆಯೂ ಮುಗಿಯುತ್ತದೆ ಎಂಬ ಆಸೆ ಅವಳ ಕಾಲು ಹಿಡಿಯಿತು. ಉಪವಾಸ ಕೆಡವಬೇಡಿರೆಂದು ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೂ ತಿರುಗಿ ಮನೆಗೆ ಬಂದು ಮಷಿನ್ ತುಳಿದಳು.

ನಾಲ್ಕೈದು ದಿನಕ್ಕೆ ಶಾಲೆಯಿಂದ ಫೋನ್ ಬಂತು. ಪ್ರಾರ್ಥನೆಯಲ್ಲಿ ನಿಂತವಳು ಹಾಗೇ ಕುಸಿದಿದ್ದಳು. ಕಾಂಚನಾ ಚಪ್ಪಲಿ ಮೆಟ್ಟದೆ ಓಡಿದಳು. ಆ ಮೈ ಹೊತ್ತು ಅವಳು ಓಡಿದ್ದನ್ನು ಬಜಾರವೆಲ್ಲ ನಿಂತು ನೋಡಿತು. ಶಾಲೆಯ ಆಫೀಸಿನ ಬೆಂಚಿನ ಮೇಲೆ ಮಲಗಿಸಿದ್ದ ಶಾಂಭವಿಯ ತುಟಿ ಬಿಳುಪೇರಿತ್ತು. ತಾಯಿಯ ಮುಖ ಕಂಡೊಡನೆ ಹುಡುಗಿ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಹೇಳಿದಳು.

"ಇನ್ನೊಂದೀಟ ಇಳದಿದ್ರ ಮಂದಿ ನಗತಿದ್ದಿಲ್ಲವ್ವಾ. ಅದಕ್ಕ."

ಕಾಂಚನಾ ಎರಡೂ ಕೈಯಿಂದ ಹಣೆ ಹಣೆ ಬಡಿದುಕೊಂಡಳು. ಟೀಚರು ಬಂದು ಕೈ ಹಿಡಿಯಬೇಕಾಯಿತು. ಮಗಳನ್ನು ಆಟೋದಲ್ಲಿ ಮನೆಗೆ ತಂದು, ಜೋಳದ ನುಚ್ಚು ಮಜ್ಜಿಗೆ ಕಲಸಿ ತುತ್ತು ತುತ್ತು ಬಾಯಿಗಿಟ್ಟಳು.

"ನೀ ತಕ್ಕಡ್ಯಾಗ ಕುಂಡ್ರೂದ ಬ್ಯಾಡ," ಎಂದಳು.

"ಮತ್ತ ದೇವರು?"

"ದೇವರ ಜೋಡಿ ನಾ ಮಾತಾಡ್ತೇನಿ. ನೀ ಉಣ್ಣು."

ಶ್ರಾವಣದ ಸೋಮವಾರ ಬಂತು. ನಂದೀಶ ಕಳೆದ ವರ್ಷದ ಅವಮಾನ ಮರೆತಿರಲಿಲ್ಲ. ಈ ಸಲ ಬೇಕಾದದ್ದಕ್ಕಿಂತ ಹೆಚ್ಚೇ ಬೆಲ್ಲವನ್ನು ಟಂಟಂ ಗಾಡಿಗೆ ಹೇರಿಸಿದ್ದ. ಕಾಂಚನಾ ಅವನಿಗೂ ಏನೂ ಹೇಳಿರಲಿಲ್ಲ. ಹೇಳಿದರೆ ಅವನು ಬೇಡವೆನ್ನುತ್ತಿರಲಿಲ್ಲ, ಹೂಂ ಎಂದೂ ಅನ್ನುತ್ತಿರಲಿಲ್ಲ. ಸುಮ್ಮನೆ ತಾಯಿಯ ಮುಖ ನೋಡುತ್ತಿದ್ದ. ಶಾರದವ್ವ ಮೊಮ್ಮಗಳಿಗೆಂದು ತಂದ ಹೂವಿನ ಹಾರ ಮಡಿಲಲ್ಲಿಟ್ಟುಕೊಂಡಿದ್ದಳು. ಶಾಂಭವಿ ದಾರಿಯುದ್ದಕ್ಕೂ ತಾಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಗುಡಿಯಲ್ಲಿ ಜನವೋ ಜನ. ಪೂಜಾರಿ ವಿರೂಪಾಕ್ಷಪ್ಪ ತಕ್ಕಡಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, "ಬಾ ಯವ್ವಾ, ಕುಂಡ್ರು ಬಾ. ಇದ ಕಡೀದು," ಎಂದು ಶಾಂಭವಿಯನ್ನು ಕರೆದರು. ಹುಡುಗಿ ತಾಯಿಯ ಬೆನ್ನ ಹಿಂದೆ ಸರಿದಳು. ಕಾಂಚನಾ ಅವಳ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು ತಾನೇ ಮುಂದೆ ಹೋದಳು.

"ಅಜ್ಜಾರ, ಆಕಿ ಕುಂಡ್ರಂಗಿಲ್ಲ. ನನ್ನ ತೂಗ್ರಿ."

"ನಿನ್ನನ್ನ?"

"ಹರಕಿ ಹೊತ್ತಾಕಿ ನಾನು. ತೂಕದ ಕೂಸ ಕೊಡು ಅಂತ ಬೇಡಿದಾಕಿ ನಾನು. ಆಕಿ ಮೈಮ್ಯಾಲಿನ ಭಾರ ಆಕೀದಲ್ಲರಿ, ನನ್ನ ಮೈಯಿಂದ ಹೋಗಿದ್ದು. ಇದ್ದದ್ದನ್ನ ಇದ್ದಲ್ಲೇ ತೂಗ್ರಿ."

ಶಾರದವ್ವ, "ಏ ಹುಚ್ಚೀ, ಏನ ಮಾಡಾಕತ್ತಿ!" ಎಂದು ಚೀರಿದಳು. ವಿರೂಪಾಕ್ಷಪ್ಪ ಗಡ್ಡ ಕೆರೆದುಕೊಂಡರು. ಇಂಥದ್ದು ಅವರ ಅನುಭವದಲ್ಲಿ ಬಂದಿರಲಿಲ್ಲ. ಕೊನೆಗೆ, "ತಾಯಿ ಕುಂಡ್ರಬಾರದು ಅಂತೇನಿಲ್ಲ. ಆದ್ರ ಕುಂತಿ ಅಂದ್ರ ಸಮ ಆಗೂ ತನಾ ಇಳಿಯಂಗಿಲ್ಲ, ನೋಡ," ಎಂದರು.

ಹದಿನೆಂಟು ವರ್ಷ ಟೇಪಿಗೂ ಮೈ ಕೊಡದವಳು, ಕನ್ನಡಿಗೂ ಅರ್ಧ ಮುಖ ತೋರಿಸುವವಳು, ಅಷ್ಟು ಜನರ ಎದುರು ಹಲಗೆಯ ಮೇಲೆ ಕುಳಿತಳು. ಸರಪಳಿಗಳು ಕಿರುಗುಟ್ಟಿದವು, ಹಲಗೆ ಧಪ್ಪೆಂದು ನೆಲಕ್ಕೆ ಬಡಿಯಿತು. ಯಾರೋ ಕಿಸಕ್ಕೆಂದರು. ನಂದೀಶ ತಲೆ ತಗ್ಗಿಸಿಕೊಂಡು ಎದುರಿನ ಹಲಗೆಗೆ ಬೆಲ್ಲ ಹೇರತೊಡಗಿದ. ಪೆಂಟಿಯ ಮೇಲೆ ಪೆಂಟಿ ಕುಳಿತವು. ಗಾಡಿ ಖಾಲಿಯಾಯಿತು. ಕಾಂಚನಾಳ ಹಲಗೆ ನೆಲ ಬಿಟ್ಟು ಕದಲಲಿಲ್ಲ.

ನಂದೀಶ ಯಾರದೋ ಬೈಕು ಕೇಳಿ ಲಕ್ಷ್ಮೇಶ್ವರಕ್ಕೆ ಓಡಿದ. ಜನ ಹತ್ತಿರ ಹತ್ತಿರ ಬಂದರು. ಕೆಲವರು ಮೊಬೈಲು ಎತ್ತಿ ಹಿಡಿದರು. "ಹೋದ ವರ್ಷ ಮಗಳು, ಈ ವರ್ಷ ತಾಯಿ," ಎಂದು ಒಬ್ಬ ಹೇಳಿದ. ಇನ್ನೊಬ್ಬ ಅದಕ್ಕೆ ಇನ್ನೇನೋ ಸೇರಿಸಿದ. ನಗು ಅಂಗಳವನ್ನೆಲ್ಲ ಸುತ್ತಿತು. ಕಾಂಚನಾ ಸರಪಳಿ ಹಿಡಿದು ಕುಳಿತೇ ಇದ್ದಳು. ಬೆವರು ಕುಂಕುಮವನ್ನು ಮೂಗಿನ ತನಕ ಇಳಿಸಿತ್ತು. ನಾಚಿಕೆಯಿಂದ ಸತ್ತು ಹೋಗುತ್ತೇನೆ ಅನಿಸಿತು. ಆದರೂ ಅದರೊಳಗೇ ಒಂದು ಸಣ್ಣ ನೆಮ್ಮದಿಯೂ ಇತ್ತು. ನಗಲಿ, ನನ್ನ ನೋಡಿಯೇ ನಗಲಿ, ಅವಳನ್ನು ನೋಡಿ ಅಲ್ಲವಲ್ಲ. ಹೋದ ವರ್ಷ ಮಗಳು ಇಲ್ಲಿ ಕುಳಿತಿದ್ದಾಗ ತಾನು ಹಲ್ಲು ಕಿರಿದಿದ್ದು ನೆನಪಾಗಿ, ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಶಾಂಭವಿ ಎದುರಿನ ಹಲಗೆಯ ಹತ್ತಿರ ನಿಂತಿದ್ದಳು.

"ಬ್ಯಾಡ," ಎಂದಳು ಕಾಂಚನಾ. "ಲೇ ಶಾಂಭವೀ, ಬ್ಯಾಡ. ನಿಮ್ಮಪ್ಪ ಬರ್ತಾನ. ಆಚಿ ಹೋಗು!"

ಹುಡುಗಿ ಕೇಳಲಿಲ್ಲ. ತೂಗುತ್ತಿದ್ದ ಹಲಗೆಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದು, ಬೆಲ್ಲದ ರಾಶಿಯ ಮೇಲೆ ಮೊಣಕಾಲೂರಿ ಹತ್ತಿ ಕುಳಿತಳು. ಜನರ ಕಡೆ ಬೆನ್ನು, ತಾಯಿಯ ಕಡೆ ಮುಖ. ಒಮ್ಮೆಲೇ ಆ ಹಲಗೆ ಕೆಳಗೆ ಬಂತು, ಕಾಂಚನಾಳದು ಮೇಲೆ ಹೋಯಿತು. ಅವಳ ಕಾಲು ನೆಲ ಬಿಟ್ಟವು. ಅಂಗಳದಲ್ಲಿ ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು.

"ಇಳಿಯೇ ಯವ್ವಾ, ನಿನ್ನ ಕಾಲ ಬೀಳ್ತೇನಿ, ಇಳಿ!"

"ಸಮ ಆಗೂ ತನಾ ಇಳಿಬಾರದವ್ವಾ," ಎಂದಳು ಶಾಂಭವಿ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ವಿರೂಪಾಕ್ಷಪ್ಪ ದೇವರ ಹೆಸರು ಹೇಳುತ್ತ ಹುಡುಗಿಯ ಸುತ್ತಲಿನ ಬೆಲ್ಲದ ಪೆಂಟಿಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಒಂದು ತೆಗೆದಂತೆ ಕಾಂಚನಾ ಒಂದಿಷ್ಟು ಕೆಳಗಿಳಿದಳು, ಮಗಳು ಒಂದಿಷ್ಟು ಮೇಲೆ ಬಂದಳು. ಹೊಟ್ಟೆಯಲ್ಲಿದ್ದಾಗ ಕೇಳದೆ ಮಗಳ ಮೇಲೆ ಹೇರಿದ್ದನ್ನು ಇವತ್ತು ಇಳಿಸೋಣವೆಂದು ಬಂದರೆ, ಆ ಮಗು ತಾನಾಗಿಯೇ ಬಂದು ಹೆಗಲು ಕೊಟ್ಟಿತ್ತು. ಅವಳ ಭಾರವಿಲ್ಲದೆ ತಾಯಿಯ ಹರಕೆ ತೀರುವಂತಿರಲಿಲ್ಲ. ಹಾರ ಹಿಡಿದು ನಿಂತಿದ್ದ ಶಾರದವ್ವ ಅದನ್ನು ಯಾರ ಕೊರಳಿಗೆ ಹಾಕಬೇಕೋ ತಿಳಿಯದೆ ಅಳುತ್ತಿದ್ದಳು. ಮೇಲಿನಿಂದ ನೋಡಿದಾಗ, ತಗ್ಗಿದ ತಲೆಯ ಹಿಂದೆ ಮಗಳ ಕುತ್ತಿಗೆಯ ಕಪ್ಪು ಪಟ್ಟಿ, ಅದರ ಮೇಲೆ ತಾನೇ ತಿಕ್ಕಿ ಮಾಡಿದ ಗಾಯದ ಕಲೆ, ಕಾಂಚನಾಳ ಕಣ್ಣಿಗೆ ನೇರವಾಗಿ ಬಿತ್ತು.

ಎರಡು ಹಲಗೆಗಳೂ ಒಂದೇ ಎತ್ತರಕ್ಕೆ ಬಂದು ನಿಂತವು. ತಾಯಿ ಮಗಳ ಮುಖಗಳು ಎದುರಾಬದುರಾದವು. ಶಾಂಭವಿ ಇನ್ನೂ ಕಣ್ಣು ತೆರೆದಿರಲಿಲ್ಲ.

"ಅವ್ವಾ," ಎಂದು ಪಿಸುಗುಟ್ಟಿದಳು, "ಮಂದಿ ನಗಾಕತ್ತಾರೇನು?"

ಕಾಂಚನಾ ಮಗಳ ತಲೆಯ ಮೇಲಿಂದ ಅಂಗಳವನ್ನೆಲ್ಲ ಒಮ್ಮೆ ನೋಡಿದಳು. ಮೊಬೈಲುಗಳು ಇನ್ನೂ ಎತ್ತಿಯೇ ಇದ್ದವು, ಕೆಲವರು ಬಾಯಿಗೆ ಕೈ ಒತ್ತಿ ನಗು ತಡೆಯುತ್ತಿದ್ದರು.

"ಇಲ್ಲ ನನ್ನವ್ವಾ," ಎಂದಳು. "ಯಾರೂ ನಗವಲ್ಲರು."